ಮೇಲೆ ಹೋದ ಮೇಲೂ ಬದಲಾಗುವ ಉಪಗ್ರಹ

ಟಿವಿ ಪ್ರಸಾರಕ್ಕೆಂದು ಕಟ್ಟಿದ ಸಂವಹನ ಉಪಗ್ರಹದ ಆಂಟೆನಾ ಬಟ್ಟಲನ್ನು ಹತ್ತಿರ ಹೋಗಿ ನೋಡಿದರೆ ಅದು ನುಣುಪಾಗಿರುವುದಿಲ್ಲ. ಅಲ್ಲೊಂದು ತಗ್ಗು, ಇಲ್ಲೊಂದು ಉಬ್ಬು, ಯಾರೋ ಕೈಜಾರಿ ಬೀಳಿಸಿ ಜಜ್ಜಿದ ತಟ್ಟೆಯ ಹಾಗೆ. ಆ ತಗ್ಗುದಿಣ್ಣೆಗಳನ್ನು ಲೆಕ್ಕ ಹಾಕಿಯೇ ಮಾಡಿರುತ್ತಾರೆ. ಬಟ್ಟಲಿನ ಒಂದೊಂದು ಭಾಗವೂ ರೇಡಿಯೊ ಅಲೆಯನ್ನು ಕೆಲವು ಮಿಲಿಮೀಟರ್ ಹಿಂದೆಮುಂದೆ ಮಾಡುತ್ತದೆ. ಎಲ್ಲ ಸೇರಿ, 36 ಸಾವಿರ ಕಿ.ಮೀ. ಕೆಳಗೆ ಒಂದು ದೇಶದ ಗಡಿಯನ್ನೇ ಹೋಲುವ ಆಕಾರದಲ್ಲಿ ಸಿಗ್ನಲ್ ಬೀಳುತ್ತದೆ. ಕರಾವಳಿ ಎಲ್ಲಿ ಬಾಗಿದೆಯೋ ಅಲ್ಲಿ ಬೀಮ್ (ಸಿಗ್ನಲಿನ ಕಿರಣ) ಕೂಡ ಬಾಗುತ್ತದೆ, ಸಮುದ್ರಕ್ಕೆ ಸುಮ್ಮನೆ ಚೆಲ್ಲುವುದಿಲ್ಲ. ಸೊಗಸಾದ ಕೆಲಸ. ಆದರೆ ಕಾರ್ಬನ್ ನಾರಿನಲ್ಲಿ ಒಮ್ಮೆ ಅಚ್ಚಾದ ಆ ನಕಾಶೆಯನ್ನು ಆಮೇಲೆ ಯಾರೂ ತಿದ್ದಲಾರರು.

ಉಪಗ್ರಹವೊಂದಕ್ಕೆ ಆರ್ಡರ್ ಕೊಟ್ಟು, ಕಟ್ಟಿಸಿ, ಪರೀಕ್ಷೆ ಮುಗಿಸಿ ಹಾರಿಸಲು ಸುಮಾರು 3 ವರ್ಷ ಹಿಡಿಯುತ್ತದೆ. ಮೇಲೆ ಅದರ ಬಾಳಿಕೆ 15 ವರ್ಷ. ಅಂದರೆ ಮುಂದಿನ 18 ವರ್ಷ ಗಿರಾಕಿಗಳು ಎಲ್ಲಿರುತ್ತಾರೆ, ಏನು ಕೇಳುತ್ತಾರೆ ಎಂಬುದನ್ನು ಇವತ್ತೇ ಊಹಿಸಿ ಬಟ್ಟಲಿಗೆ ಅಚ್ಚು ಹಾಕಬೇಕು. ಟಿವಿ ಚಾನೆಲ್‌ಗಳೇ ಮುಖ್ಯ ವ್ಯಾಪಾರವಾಗಿದ್ದಾಗ ಈ ಊಹೆ ಅಷ್ಟೇನೂ ತಪ್ಪುತ್ತಿರಲಿಲ್ಲ, ದೇಶಗಳ ಗಡಿ ಎದ್ದು ಓಡಾಡುವುದಿಲ್ಲವಲ್ಲ. ಈಗ ಉಪಗ್ರಹದ ಸಿಗ್ನಲ್ ಬೇಕಾಗಿರುವುದು ಹಾರುತ್ತಿರುವ ವಿಮಾನಕ್ಕೆ, ಸಾಗರದ ನಡುವಿನ ಹಡಗಿಗೆ, ಪ್ರವಾಹದಲ್ಲಿ ಮೊಬೈಲ್ ಟವರ್ ಬಿದ್ದುಹೋದ ಜಿಲ್ಲೆಗೆ. ಬೇಡಿಕೆಗೇ ಕಾಲು ಬಂದಿದೆ.

ಹಾಗಾಗಿ ಈಗ ಆರ್ಡರ್ ಆಗುತ್ತಿರುವ ಅನೇಕ ಭೂಸ್ಥಿರ (ನೆಲದಿಂದ ನೋಡಿದರೆ ಒಂದೇ ಜಾಗದಲ್ಲಿ ನಿಂತಂತೆ ಕಾಣುವ) ಉಪಗ್ರಹಗಳ ಪೇಲೋಡನ್ನು, ಅಂದರೆ ಸಿಗ್ನಲ್ ಹಿಡಿದು ಕಳಿಸುವ ಯಂತ್ರಭಾಗವನ್ನು, ಕಕ್ಷೆಗೆ ಹೋದ ಮೇಲೂ ಬದಲಿಸಬಹುದು. ಬೀಮ್ ಎಲ್ಲಿ ಬೀಳಬೇಕು, ಯಾವ ಆಕಾರದಲ್ಲಿ, ಯಾವ ಫ್ರೀಕ್ವೆನ್ಸಿಯಲ್ಲಿ, ಎಷ್ಟು ಬಲವಾಗಿ, ಯಾವ ಊರಿನ ಅಪ್‌ಲಿಂಕ್ ಯಾವ ಊರಿನ ಡೌನ್‌ಲಿಂಕ್‌ಗೆ ಸೇರಬೇಕು ಎಂಬುದನ್ನೆಲ್ಲ ನೆಲದಿಂದಲೇ ತಿದ್ದಬಹುದು. ಈ ಉದ್ಯಮದವರು ಇದನ್ನು ಸಾಫ್ಟ್‌ವೇರ್ ಡಿಫೈನ್ಡ್ ಸ್ಯಾಟಲೈಟ್ ಎನ್ನುತ್ತಾರೆ. ಹೆಸರು ಕೇಳಿದರೆ ಎಲ್ಲವೂ ಪುಕ್ಕಟೆ ಸಿಗುವಂತೆ ತೋರುತ್ತದೆ. ನಿಜವಾಗಿ ನೋಡಿದರೆ ಇದು ತಪ್ಪು ಊಹೆಯ ಮೇಲೆ ಮಾಡಿಸಿದ ವಿಮೆ. ಅದರ ಪ್ರೀಮಿಯಂ ಅನ್ನು ವಾಟ್‌ಗಳಲ್ಲಿ ಕಟ್ಟಬೇಕು. ಎಷ್ಟು, ಯಾಕೆ ಎಂಬುದು ಮುಂದೆ ಬರುತ್ತದೆ.

ಮೊದಲು ಹಳೆಯದು ಹೇಗಿತ್ತು

ಹಳೆಯ ಪೇಲೋಡನ್ನು ‘ಬಾಗಿದ ಕೊಳವೆ’ ಎನ್ನುತ್ತಿದ್ದುದು ಸುಮ್ಮನೆ ಅಲ್ಲ. ಕೆಳಗಿನಿಂದ ಬಂದ ಸಿಗ್ನಲ್ ಕೊಳವೆಯಲ್ಲಿ ಏರಿ, ಬಾಗಿ, ಹಾಗೇ ಇಳಿಯುತ್ತದೆ. ಸ್ವೀಕರಿಸುವ ಆಂಟೆನಾ, ಅದರ ಹಿಂದೆ ಕಡಿಮೆ ಸದ್ದಿನ ಆಂಪ್ಲಿಫೈಯರ್, ಕೂ ಬ್ಯಾಂಡಿನ 14 ಗಿಗಾಹರ್ಟ್ಸ್‌ನಿಂದ 11–12ಕ್ಕೆ ಇಳಿಸುವ ಕನ್ವರ್ಟರ್. ಅಲ್ಲಿಂದ ಸಿಗ್ನಲನ್ನು 36 ಅಥವಾ 54 ಮೆಗಾಹರ್ಟ್ಸ್ ಅಗಲದ ಚಾನೆಲ್‌ಗಳಾಗಿ ಸೀಳುವ ಫಿಲ್ಟರ್‌ಗಳು. ಪ್ರತಿ ಚಾನೆಲ್‌ಗೂ ಒಂದೊಂದು ಟ್ರಾವೆಲಿಂಗ್ ವೇವ್ ಟ್ಯೂಬ್, ಇದು ನಿರ್ವಾತ ಕೊಳವೆಯ ಆಂಪ್ಲಿಫೈಯರ್. ಆಮೇಲೆ ಎಲ್ಲ ಚಾನೆಲ್‌ಗಳನ್ನೂ ಮತ್ತೆ ಕೂಡಿಸುವ ಫಿಲ್ಟರ್, ಕೊನೆಗೆ ಆ ಜಜ್ಜಿದ ಬಟ್ಟಲು.

ಇದರಲ್ಲಿ ಫಿಲ್ಟರ್‌ಗಳು ಲೋಹದ ಡಬ್ಬಿಗಳು. ಡಬ್ಬಿಯ ಅಳತೆಯೇ ಫ್ರೀಕ್ವೆನ್ಸಿ. ಗಿರಾಕಿಗೆ ಬೇಕಿರುವುದು 5 ಮೆಗಾಹರ್ಟ್ಸ್ ಆದರೂ ‘ಎ’ ಊರಿನಿಂದ ‘ಬಿ’ ಊರಿಗೆ ಹೋಗುವ 36 ಮೆಗಾಹರ್ಟ್ಸ್ ಕೊಳವೆಯಲ್ಲೇ ಅವನನ್ನು ಕೂರಿಸಬೇಕು. ಆ ಕೊಳವೆಯಲ್ಲಿ ಉಳಿದ 31 ಖಾಲಿ ಬಿದ್ದರೂ ಅದನ್ನು ‘ಸಿ’ ಊರಿಗೆ ತಿರುಗಿಸುವಂತಿಲ್ಲ. ಒಂದಿಷ್ಟು ಸ್ವಿಚ್‌ಗಳು, ತಿರುಗಿಸಬಹುದಾದ ಒಂದೆರಡು ಬಟ್ಟಲುಗಳು ಆಗಲೂ ಇದ್ದವು. ಆದರೆ ಅವು ಮನೆಯ ಕಿಟಕಿ ತೆರೆದು ಮುಚ್ಚಿದಂತೆ, ಗೋಡೆ ಸರಿಸಿದಂತಲ್ಲ.

ಬೀಮ್ ಹೇಗೆ ತಿರುಗುತ್ತದೆ

ಹೊಸದರ ಜೀವಾಳ ಫೇಸ್ಡ್ ಅರೇ ಆಂಟೆನಾ. ಒಂದು ದೊಡ್ಡ ಬಟ್ಟಲಿನ ಬದಲು ನೂರಾರು ಪುಟ್ಟ ಆಂಟೆನಾಗಳು ಸಾಲಾಗಿ ಕೂತಿರುತ್ತವೆ. ಎಲ್ಲವೂ ಒಂದೇ ತಾಳದಲ್ಲಿ ಸಿಗ್ನಲ್ ಬಿಟ್ಟರೆ ಅಲೆ ನೇರ ಹೋಗುತ್ತದೆ. ಸಾಲಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗುತ್ತಾ ತಾಳವನ್ನು ಚೂರುಚೂರೇ ಹಿಂದಿಟ್ಟರೆ ಅಲೆಯ ಮುಖ ಓರೆಯಾಗುತ್ತದೆ, ಬೀಮ್ ಪಕ್ಕಕ್ಕೆ ವಾಲುತ್ತದೆ. ಏನೂ ಅಲುಗಾಡುವುದಿಲ್ಲ.

ಲೆಕ್ಕ ಹಾಕಿಯೇ ನೋಡೋಣ. 12 ಗಿಗಾಹರ್ಟ್ಸ್‌ನಲ್ಲಿ ತರಂಗಾಂತರ 25 ಮಿ.ಮೀ. ಪುಟ್ಟ ಆಂಟೆನಾಗಳು 75 ಮಿ.ಮೀ. ದೂರದೂರ ಕೂತಿವೆ ಎನ್ನಿ. ಬೀಮನ್ನು 1 ಡಿಗ್ರಿ ವಾಲಿಸಬೇಕು. ಆಗ ಪಕ್ಕಪಕ್ಕದ ಎರಡು ಆಂಟೆನಾಗಳ ಅಲೆಗಳ ನಡುವೆ ಬೇಕಾದ ಅಂತರ 75ನ್ನು 1 ಡಿಗ್ರಿಯ ಸೈನ್‌ನಿಂದ ಗುಣಿಸಿದಷ್ಟು, ಅಂದರೆ 1.3 ಮಿ.ಮೀ. ಇಡೀ 25 ಮಿ.ಮೀ. ಅಲೆ 360 ಡಿಗ್ರಿ ಫೇಸ್ (ಅಲೆಯ ತಾಳದ ಹಂತ) ಎಂದಾದರೆ 1.3 ಮಿ.ಮೀ. ಸುಮಾರು 19 ಡಿಗ್ರಿ ಆಗುತ್ತದೆ. ಮೊದಲನೆಯದಕ್ಕೆ ಸೊನ್ನೆ, ಎರಡನೆಯದಕ್ಕೆ 19, ಮೂರನೆಯದಕ್ಕೆ 38, ಹೀಗೆ. ಇಷ್ಟು ಮಾಡಿದರೆ ಉಪಗ್ರಹದ ನೇರ ಕೆಳಗೆ ಬೀಮಿನ ನಡುಬಿಂದು 625 ಕಿ.ಮೀ. ಸರಿಯುತ್ತದೆ. ಒಂದೂಕಾಲು ಮಿಲಿಮೀಟರಿನ ಕೈಚಳಕಕ್ಕೆ ಆರುನೂರು ಕಿಲೋಮೀಟರ್!

75 ಮಿ.ಮೀ. ಅಂದರೆ ಮೂರು ತರಂಗಾಂತರ. ರೇಡಾರ್ ಬಲ್ಲವರಿಗೆ ಇಲ್ಲಿ ಅನುಮಾನ ಬರಬೇಕು, ಅಲ್ಲಿ ಅರ್ಧ ತರಂಗಾಂತರಕ್ಕಿಂತ ದೂರ ಇಡುವುದಿಲ್ಲ. ಇಟ್ಟರೆ ಬೇಕಾದ ಬೀಮಿನ ಜೊತೆಗೆ ಅಷ್ಟೇ ಬಲದ ಹುಸಿ ಬೀಮ್‌ಗಳು ಬೇರೆ ದಿಕ್ಕುಗಳಲ್ಲಿ ಏಳುತ್ತವೆ. ಆದರೆ ಭೂಸ್ಥಿರ ಕಕ್ಷೆಯಿಂದ ಇಡೀ ಭೂಮಿ ಕಾಣುವುದೇ ಸುಮಾರು 17.4 ಡಿಗ್ರಿ ಅಗಲಕ್ಕೆ, ನಡುವಿನಿಂದ ಆಚೀಚೆ 8.7 ಡಿಗ್ರಿ. ಬೀಮನ್ನು ಅದಕ್ಕಿಂತ ಆಚೆ ತಿರುಗಿಸುವ ಪ್ರಸಂಗವೇ ಇಲ್ಲ. ಅಂತರ 3.3 ತರಂಗಾಂತರ ಮೀರದಿದ್ದರೆ ಹುಸಿ ಬೀಮ್ ಭೂಮಿಯ ಮೇಲೆ ಬೀಳದೆ ಖಾಲಿ ಆಕಾಶಕ್ಕೆ ಹೋಗುತ್ತದೆ. ಅಷ್ಟರ ಮಟ್ಟಿಗೆ ಶಕ್ತಿ ಪೋಲಾಗುವುದು ನಿಜ. ಅದನ್ನು ತಗ್ಗಿಸಲು ಪುಟ್ಟ ಆಂಟೆನಾ ಒಂದೊಂದನ್ನೂ ಭೂಮಿಯ ಕಡೆಗಷ್ಟೇ ನೋಡುವಂತೆ ಮಾಡುತ್ತಾರೆ.

ಈ ಸಣ್ಣ ಜಾಣತನದ ಲಾಭ ದೊಡ್ಡದು. ಒಂದೂವರೆ ಮೀಟರ್ ವ್ಯಾಸದ ಅರೇಯಲ್ಲಿ 75 ಮಿ.ಮೀ. ಅಂತರಕ್ಕೆ ಸುಮಾರು 310 ಆಂಟೆನಾ ಹಿಡಿಯುತ್ತವೆ. ಅರ್ಧ ತರಂಗಾಂತರಕ್ಕೆ ಇಟ್ಟಿದ್ದರೆ ಸಂಖ್ಯೆ 11 ಸಾವಿರ ದಾಟುತ್ತಿತ್ತು. ಪ್ರತಿಯೊಂದಕ್ಕೂ ಆಂಪ್ಲಿಫೈಯರ್, ಫಿಲ್ಟರ್, ಫೇಸ್ ಬದಲಿಸುವ ಸರ್ಕ್ಯೂಟ್ ಬೇಕು ಎಂದು ನೆನೆದರೆ 11 ಸಾವಿರ ಯಾಕೆ ಆಗದ ಮಾತು ಎಂದು ತಿಳಿಯುತ್ತದೆ. ನೆಲದ ಮೇಲಿನ ಆಂಟೆನಾಗೆ ಇಲ್ಲದ ಈ ಸೌಕರ್ಯ ಭೂಸ್ಥಿರ ಕಕ್ಷೆಗೆ ಅದರ ದೂರದಿಂದಲೇ ಬಂದದ್ದು.

ಇಂಥ ಒಂದೂವರೆ ಮೀಟರ್ ಅರೇಯ ಅತಿ ಸಣ್ಣ ಬೀಮ್ ಸುಮಾರು 1.2 ಡಿಗ್ರಿ ಅಗಲ, ನೆಲದಲ್ಲಿ 730 ಕಿ.ಮೀ. ಆಸುಪಾಸು. ಇದಕ್ಕಿಂತ ಅಗಲ ಬೇಕೆಂದರೆ ಫೇಸ್‌ಗಳನ್ನು ಬೇಕೆಂದೇ ಕದಡಿ ಹರಡಬಹುದು, ದೇಶದ ಆಕಾರಕ್ಕೂ ತರಬಹುದು. ಹಳೆಯ ಬಟ್ಟಲಿನ ತಗ್ಗುದಿಣ್ಣೆ ಮಾಡುತ್ತಿದ್ದ ಕೆಲಸವನ್ನು ಈಗ ಒಂದು ಅಂಕಿಪಟ್ಟಿ ಮಾಡುತ್ತದೆ. ಇದಕ್ಕಿಂತ ಸಣ್ಣದು ಬೇಕೆಂದರೆ ಮಾತ್ರ ಯಾವ ಸಾಫ್ಟ್‌ವೇರೂ ನೆರವಿಗೆ ಬರುವುದಿಲ್ಲ. ಬೀಮ್ ಎಷ್ಟು ಕಿರಿದಾಗಬಹುದು ಎಂಬುದು ಆಂಟೆನಾದ ಅಳತೆಗೆ ಬಿಟ್ಟದ್ದು, ಅದು ಹಾರಿಸುವ ಮುನ್ನವೇ ತೀರ್ಮಾನವಾಗಿಬಿಟ್ಟಿರುತ್ತದೆ.

ಸಿಗ್ನಲನ್ನು ಹೋಳು ಮಾಡುವ ಯಂತ್ರ

ಬೀಮ್ ತಿರುಗಿದರೆ ಅರ್ಧ ಕೆಲಸ. ಯಾವ ಬೀಮಿನ ಯಾವ ಫ್ರೀಕ್ವೆನ್ಸಿ ಎಲ್ಲಿಗೆ ಹೋಗಬೇಕು ಎನ್ನುವುದು ಇನ್ನರ್ಧ. ಇದನ್ನು ಮಾಡುವುದು ಡಿಜಿಟಲ್ ಪ್ರೊಸೆಸರ್. ಒಳಬಂದ ಸಿಗ್ನಲನ್ನು ಅಂಕಿಗಳಾಗಿ ಬದಲಿಸಿ, ಸಣ್ಣ ಸಣ್ಣ ಫ್ರೀಕ್ವೆನ್ಸಿ ಹೋಳುಗಳಾಗಿ ಕತ್ತರಿಸಿ, ಹೋಳುಗಳನ್ನು ಬೇಕಾದ ಬೀಮಿಗೆ ಬೇಕಾದ ಜಾಗದಲ್ಲಿ ಜೋಡಿಸಿ, ಮತ್ತೆ ರೇಡಿಯೊ ಸಿಗ್ನಲ್ ಮಾಡಿ ಬಿಡುತ್ತದೆ. ಅಮೆರಿಕದ ಸೇನೆಯ ಡಬ್ಲ್ಯುಜಿಎಸ್ ಸಂವಹನ ಉಪಗ್ರಹಗಳ ಸರಣಿ (ಮೊದಲನೆಯದು ಹಾರಿದ್ದು 2007ರಲ್ಲಿ) ಹೀಗೆ 2.6 ಮೆಗಾಹರ್ಟ್ಸ್ ಹೋಳುಗಳಲ್ಲಿ ಕೆಲಸ ಮಾಡುತ್ತದೆ. ಹಾಗಾಗಿ ಈ ವಿದ್ಯೆ ತೀರಾ ಹೊಸತೇನಲ್ಲ. ಹೊಸತೆಂದರೆ ಅದರ ಗಾತ್ರ.

ಗಾತ್ರ ಎಷ್ಟು ಅಂತೀರಾ? 500 ಮೆಗಾಹರ್ಟ್ಸ್ ಅಗಲದ ಸಿಗ್ನಲನ್ನು ಅಂಕಿ ಮಾಡಲು ಸೆಕೆಂಡಿಗೆ ಕನಿಷ್ಠ 100 ಕೋಟಿ ಮಾದರಿ ತೆಗೆಯಬೇಕು. ಫಿಲ್ಟರ್‌ಗಳಿಗೆ ಅಂಚು ಬಿಡಲು 120 ಕೋಟಿ ಎನ್ನೋಣ. ಒಂದೊಂದು ಮಾದರಿ 10 ಬಿಟ್ ಆದರೆ ಒಂದು ಆಂಟೆನಾದಿಂದ ಸೆಕೆಂಡಿಗೆ 12 ಗಿಗಾಬಿಟ್. ಅಂಥವು 310 ಇದ್ದರೆ 3.7 ಟೆರಾಬಿಟ್. ಇದು ಪ್ರೊಸೆಸರಿನ ಬಾಗಿಲಿಗೆ ಬರುವ ಹರಿವು ಮಾತ್ರ, ಒಳಗಿನ ಗುಣಾಕಾರಗಳ ಲೆಕ್ಕ ಬೇರೆ. ಫ್ಯಾನಿಲ್ಲದ, ಗಾಳಿಯೇ ಇಲ್ಲದ ಪೆಟ್ಟಿಗೆಯಲ್ಲಿ ಈ ಕೆಲಸ 15 ವರ್ಷ ಹಗಲೂ ರಾತ್ರಿ ನಡೆಯಬೇಕು.

ಇಲ್ಲೊಂದು ಆಯ್ಕೆ ಇದೆ. ಬೀಮ್ ಕಟ್ಟುವ ಕೆಲಸವನ್ನು ಅನಲಾಗ್ ಸರ್ಕ್ಯೂಟಿನಲ್ಲೇ ಮಾಡಿದರೆ ವಿದ್ಯುತ್ ಉಳಿಯುತ್ತದೆ. ಆದರೆ 310 ಆಂಟೆನಾಗಳಿಗೆ 8 ಬೀಮ್ ಬೇಕೆಂದರೆ 2,480 ಫೇಸ್ ಶಿಫ್ಟರ್‌ಗಳನ್ನು ಕೂರಿಸಬೇಕು, ಒಂಬತ್ತನೇ ಬೀಮ್ ಎಂದಿಗೂ ಸಿಗುವುದಿಲ್ಲ. ಡಿಜಿಟಲ್‌ನಲ್ಲಿ ಬೀಮ್‌ಗಳ ಸಂಖ್ಯೆಗೆ ಅಂಥ ಕಟ್ಟು ಇಲ್ಲ, ಅಲ್ಲಿ ಮಿತಿಯಿರುವುದು ಬೀಮ್‌ಗಳ ಸಂಖ್ಯೆ ಮತ್ತು ಒಂದೊಂದರ ಫ್ರೀಕ್ವೆನ್ಸಿ ಅಗಲ ಎರಡರ ಗುಣಲಬ್ಧಕ್ಕೆ. ಅಗಲದ 20 ಬೀಮ್ ಬೇಕೋ, ಕಿರಿದಾದ 200 ಬೇಕೋ, ನಿಮಗೆ ಬಿಟ್ಟದ್ದು.

ಮೇಲೆ ಸಿಗ್ನಲನ್ನು ಬಿಡಿಸಿ ಓದಬೇಕೇ ಎಂಬುದು ಇನ್ನೊಂದು ಪ್ರಶ್ನೆ. ಬಿಡಿಸಿ ಬಿಟ್‌ಗಳನ್ನು ಹೊರತೆಗೆದು ಹೊಸದಾಗಿ ಕಳಿಸಿದರೆ ಅಪ್‌ಲಿಂಕಿನ ಕೊಳೆಯೆಲ್ಲ ತೊಳೆದುಹೋಗುತ್ತದೆ. ಆದರೆ ಆ ದಿನದ ಮೋಡೆಮ್ ಭಾಷೆಗೆ ಉಪಗ್ರಹ ಕಟ್ಟುಬೀಳುತ್ತದೆ. ಐದು ವರ್ಷದಲ್ಲಿ ನೆಲದ ಮೋಡೆಮ್‌ಗಳು ಹೊಸ ಭಾಷೆ ಕಲಿತರೆ ಮೇಲಿನದಕ್ಕೆ ಅರ್ಥವಾಗದೆ ಹೋಗಬಹುದು. ಹಾಗಾಗಿ ಬಹುಪಾಲು ವಾಣಿಜ್ಯ ಉಪಗ್ರಹಗಳು ಓದದೆ, ಹೋಳು ಮಾಡಿ ಸಾಗಿಸುವ ಪಾರದರ್ಶಕ ಪ್ರೊಸೆಸರನ್ನೇ ಇಟ್ಟುಕೊಳ್ಳುತ್ತವೆ. ನಮ್ಯತೆಯೇ ಗುರಿಯಾದ ಮೇಲೆ ಅದೇ ಸರಿಯಾದ ಆಯ್ಕೆ ಎಂದು ನಮ್ಮ ಅಭಿಪ್ರಾಯ. ಹೋಳು ಸಾಗಿಸುವುದರಿಂದ ಸಿಗುವ ಇನ್ನೊಂದು ಲಾಭವನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ. ಎರಡು ಸಣ್ಣ ಟರ್ಮಿನಲ್‌ಗಳು ಗೇಟ್‌ವೇಗೆ ಹೋಗಿ ಬರದೆ ಮೇಲೇ ಕೂಡಿಕೊಳ್ಳಬಹುದು. ಎರಡು ಸಲ ಏರಿಳಿಯುವ ಅರ್ಧ ಸೆಕೆಂಡಿನ ಬದಲು ಒಂದು ಸಲದ ಕಾಲು ಸೆಕೆಂಡಿಗೆ ಮಾತು ಮುಟ್ಟುತ್ತದೆ. ಆ ಕಾಲು ಸೆಕೆಂಡನ್ನಂತೂ ಕಡಿಮೆ ಮಾಡಲಾಗದು, ಬೆಳಕು ಅದಕ್ಕಿಂತ ಬೇಗ ಓಡುವುದಿಲ್ಲ.

ಪ್ರೀಮಿಯಂ ಎಷ್ಟು

ಈಗ ವಾಟ್‌ಗಳ ಲೆಕ್ಕ. ಪೇಲೋಡಿಗೆ ಸೌರಫಲಕದಿಂದ 10 ಕಿಲೋವಾಟ್ ಸಿಗುತ್ತದೆ ಎನ್ನಿ. ಟಿವಿ ಉಪಗ್ರಹದ ಟ್ಯೂಬ್ ಒಂದೇ ಕ್ಯಾರಿಯರನ್ನು (ಮಾಹಿತಿ ಹೊತ್ತ ರೇಡಿಯೊ ಅಲೆಯನ್ನು) ಹೊತ್ತು ತನ್ನ ಪೂರ್ಣ ಬಲದಲ್ಲಿ ದುಡಿಯುತ್ತದೆ. ಆಗ ಸುಮಾರು 65 ಪಾಲು ರೇಡಿಯೊ ಅಲೆಯಾಗಿ ಹೊರಬೀಳುತ್ತದೆ, ಅಂದರೆ 6.5 ಕಿಲೋವಾಟ್. ಉಳಿದ 3.5 ಕಿಲೋವಾಟ್ ಬಿಸಿ.

ಅರೇಯಲ್ಲಿ ಹಾಗಿಲ್ಲ. ಪ್ರತಿ ಪುಟ್ಟ ಆಂಟೆನಾದ ಹಿಂದಿರುವ ಗ್ಯಾಲಿಯಂ ನೈಟ್ರೈಡ್ ಆಂಪ್ಲಿಫೈಯರ್ ಮೂಲಕ ಎಲ್ಲ ಬೀಮ್‌ಗಳ ಎಲ್ಲ ಕ್ಯಾರಿಯರ್‌ಗಳೂ ಒಟ್ಟಿಗೇ ಹಾಯುತ್ತವೆ. ಪೂರ್ಣ ಬಲಕ್ಕೆ ದೂಡಿದರೆ ಅವು ಒಂದರೊಡನೊಂದು ಬೆರೆತು ಇಲ್ಲದ ಫ್ರೀಕ್ವೆನ್ಸಿಗಳಲ್ಲಿ ಕಸ ಹುಟ್ಟಿಸುತ್ತವೆ. ಕಸ ಬೇಡವೆಂದರೆ ಆಂಪ್ಲಿಫೈಯರನ್ನು ಅದರ ತಾಕತ್ತಿಗಿಂತ ಸಾಕಷ್ಟು ಕೆಳಗೆ ಓಡಿಸಬೇಕು, ಹಾಗೆ ಓಡಿಸಿದಾಗ ದಕ್ಷತೆ ಕುಸಿಯುತ್ತದೆ. 25 ಪಾಲು ಎಂದು ಹಿಡಿದರೆ ರೇಡಿಯೊ ಅಲೆ 2.5 ಕಿಲೋವಾಟ್, ಬಿಸಿ 7.5.

ಈ ವ್ಯತ್ಯಾಸ 2.6 ಪಟ್ಟು, ಅಂದರೆ ಸುಮಾರು 4 ಡೆಸಿಬೆಲ್. ಉಳಿದದ್ದೆಲ್ಲ ಒಂದೇ ಇದ್ದರೆ, ಮೊದಲು 60 ಸೆಂ.ಮೀ. ಡಿಶ್‌ನಲ್ಲಿ ಬರುತ್ತಿದ್ದ ಚಾನೆಲ್‌ಗೆ ಈಗ ಸುಮಾರು 97 ಸೆಂ.ಮೀ. ಡಿಶ್ ಬೇಕು. ಕೋಟಿಗಟ್ಟಲೆ ಮನೆಗಳ ಮೇಲೆ ಡಿಶ್ ಇರುವ ಪ್ರಸಾರಕನಿಗೆ ಇದನ್ನು ಹೇಳಿ ನೋಡಿ, ಅವನು ಜಜ್ಜಿದ ಬಟ್ಟಲೇ ಇರಲಿ ಎನ್ನುತ್ತಾನೆ. ಅವನು ಹೇಳುವುದೂ ಸರಿಯೇ.

ಬಿಸಿಯ ಕಥೆಯೂ ಇದೆ. ನಿರ್ವಾತದಲ್ಲಿ ಬಿಸಿ ಹೊರಹೋಗಲು ವಿಕಿರಣ ಒಂದೇ ದಾರಿ. 27 ಡಿಗ್ರಿ ಸೆಲ್ಸಿಯಸ್‌ನಲ್ಲಿರುವ ಒಳ್ಳೆಯ ರೇಡಿಯೇಟರಿನ ಒಂದು ಚದರ ಮೀಟರ್ ಸುಮಾರು 390 ವಾಟ್ ಹೊರಚೆಲ್ಲುತ್ತದೆ. 3.5 ಕಿಲೋವಾಟಿಗೆ 9 ಚದರ ಮೀಟರ್ ಸಾಕು, 7.5 ಕಿಲೋವಾಟಿಗೆ 19 ಬೇಕು. ಬಿಸಿಲು ಬಿದ್ದರೆ ಇನ್ನೂ ಹೆಚ್ಚು. ಅದಕ್ಕೇ ರೇಡಿಯೇಟರ್‌ಗಳನ್ನು ಸೂರ್ಯ ಓರೆಯಾಗಿಯಷ್ಟೇ ಕಾಣುವ ಉತ್ತರ ಮತ್ತು ದಕ್ಷಿಣದ ಗೋಡೆಗಳಲ್ಲಿ ಇಡುತ್ತಾರೆ. ಅರೇಯ ಬಿಸಿ ಹುಟ್ಟುವುದು ಭೂಮಿಯ ಕಡೆಗಿನ ಮುಖದಲ್ಲಿ, ಅದು ಹೋಗಬೇಕಾದ್ದು ಪಕ್ಕದ ಗೋಡೆಗಳಿಗೆ. ನಡುವೆ ಅದನ್ನು ಹೊತ್ತೊಯ್ಯಲು ಹೀಟ್ ಪೈಪ್‌ಗಳೋ ದ್ರವ ಸುತ್ತಿಸುವ ಪಂಪ್‌ಗಳೋ ಬೇಕು. ಇಂಥ ಉಪಗ್ರಹಗಳ ವಿನ್ಯಾಸದಲ್ಲಿ ತಲೆನೋವು ತರುವುದು ಸಾಫ್ಟ್‌ವೇರಿಗಿಂತ ಹೆಚ್ಚಾಗಿ ಈ ಕೊಳಾಯಿ ಕೆಲಸವೇ.

ಇಷ್ಟೆಲ್ಲ ಕಳೆದುಕೊಂಡರೂ ಲಾಭ ಹೇಗೆ? ಒಂದು ಉದಾಹರಣೆ. 8 ಬೀಮ್‌ಗಳ ಸ್ಥಿರ ಉಪಗ್ರಹ, ಒಟ್ಟು ಸಾಮರ್ಥ್ಯ 100 ಪಾಲು, ಬೀಮಿಗೆ 12.5. ಕಟ್ಟಿದವರು ಎಲ್ಲ ಕಡೆ ಸಮ ಬೇಡಿಕೆ ಎಂದು ಊಹಿಸಿದ್ದರು. ಹಾರಿದ ಮೇಲೆ ನೋಡಿದರೆ ಎರಡು ಬೀಮ್‌ಗಳಲ್ಲಿ ತಲಾ 35, ಉಳಿದ ಆರರಲ್ಲಿ ತಲಾ 5. ಮಾರಾಟವಾಗುವುದು ಎಷ್ಟು? ಬೇಡಿಕೆ ಹೆಚ್ಚಿದ ಎರಡರಲ್ಲಿ 12.5ರಂತೆ 25, ಉಳಿದವುಗಳಲ್ಲಿ 30, ಒಟ್ಟು 55. ಇನ್ನು 45 ಪಾಲು ಗಿರಾಕಿಗಳು ಬಾಗಿಲಲ್ಲಿ ನಿಂತಿದ್ದಾರೆ, 45 ಪಾಲು ಸಾಮರ್ಥ್ಯವೂ ಖಾಲಿ ಇದೆ, ಇಬ್ಬರೂ ಕೂಡುವಂತಿಲ್ಲ. ಬದಲಿಸಬಲ್ಲ ಉಪಗ್ರಹದ ಒಟ್ಟು ಸಾಮರ್ಥ್ಯ 75 ಪಾಲಷ್ಟೇ ಇದ್ದರೂ ಅದು 75ನ್ನೂ ಮಾರುತ್ತದೆ. ಊಹೆ ಸರಿಯಾಗಿದ್ದರೆ ಸ್ಥಿರವಾದದ್ದು ಗೆಲ್ಲುತ್ತದೆ, ತಪ್ಪಿದರೆ ಇದು.

ಒಂದು ಎಚ್ಚರಿಕೆ. ವಾಟ್‌ಗಳನ್ನು ಒಂದು ಬೀಮಿನಿಂದ ಇನ್ನೊಂದಕ್ಕೆ ಹರಿಸಬಹುದು, ಆದರೆ ಸ್ಪೆಕ್ಟ್ರಮ್ ಹಾಗೆ ಹರಿಯುವುದಿಲ್ಲ. ಒಂದು ಬೀಮಿಗೆ ಸಿಗುವುದು ಹೆಚ್ಚೆಂದರೆ ಇಡೀ ಬ್ಯಾಂಡ್, ಎರಡು ಧ್ರುವೀಕರಣ (ಅಲೆ ಕಂಪಿಸುವ ದಿಕ್ಕು) ಸೇರಿ ಅದರ ಎರಡರಷ್ಟು. ಅದನ್ನು ಪೂರ್ತಿ ಕೊಟ್ಟರೆ ಪಕ್ಕದ ಬೀಮಿಗೆ ಅದೇ ಫ್ರೀಕ್ವೆನ್ಸಿ ಕೊಡುವಂತಿಲ್ಲ, ಎರಡೂ ಒಂದರ ಮೇಲೊಂದು ಬೀಳುತ್ತವೆ. ಒಂದೇ ಮಹಾನಗರದಲ್ಲಿ ಬೇಡಿಕೆ ಸ್ಫೋಟಿಸಿದರೆ ಯಾವ ನಮ್ಯತೆಯೂ ಸಾಲದು.

ಒಂದು ಬದಲಾವಣೆ ಆಗುವ ಬಗೆ

ಕಂಟ್ರೋಲ್ ಕೇಂದ್ರದಲ್ಲಿ ಕೂತವರು ಬೀಮನ್ನು ಮೌಸ್‌ನಿಂದ ಎಳೆದು ಬಿಡುತ್ತಾರೆ ಎಂಬ ಚಿತ್ರ ಜಾಹೀರಾತಿನದು. ನಡೆಯುವುದು ಹೀಗೆ. ಗಿರಾಕಿಯ ಬೇಡಿಕೆಯ ನಕ್ಷೆಯನ್ನು ನೆಲದ ಯೋಜನಾ ಸಾಫ್ಟ್‌ವೇರಿಗೆ ಕೊಡುತ್ತಾರೆ. ಅದು ಬೀಮಿನ ಆಕಾರ, ಫ್ರೀಕ್ವೆನ್ಸಿ, ಬಲ ಮೂರನ್ನೂ ಒಟ್ಟಿಗೆ ಹುಡುಕುತ್ತದೆ. ಹಾಗೆ ಸಿಕ್ಕ ಉತ್ತರವನ್ನು ಮೊದಲು ಉಪಗ್ರಹದ ವಿದ್ಯುತ್ ಮತ್ತು ಬಿಸಿಯ ಮಾದರಿಯ ಮೇಲೆ ಓಡಿಸಿ ನೋಡುತ್ತಾರೆ. ಒಂದೇ ಮೂಲೆಯ ಆಂಪ್ಲಿಫೈಯರ್‌ಗಳೆಲ್ಲ ಒಟ್ಟಿಗೆ ಕಾಯ್ದರೆ ಆ ಭಾಗದ ರೇಡಿಯೇಟರ್ ತಡೆದುಕೊಳ್ಳುತ್ತದೆಯೇ?

ಆಮೇಲೆ ಕಾನೂನು. ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದಲ್ಲಿ ಆ ಕಕ್ಷಾ ಸ್ಥಾನಕ್ಕೆ ಸಲ್ಲಿಸಿದ ಅರ್ಜಿಯಲ್ಲಿ ಬಲದ ಮಿತಿ, ವ್ಯಾಪ್ತಿಯ ಮಿತಿ ಎರಡೂ ಬರೆದಿರುತ್ತವೆ. ಎರಡು ಮೂರು ಡಿಗ್ರಿ ಆಚೆ ಕೂತ ಪಕ್ಕದ ಉಪಗ್ರಹದವರೊಂದಿಗೆ ಮಾಡಿಕೊಂಡ ಒಪ್ಪಂದವೂ ಇರುತ್ತದೆ. ಬೀಮಿನ ಮುಖ್ಯ ಭಾಗ ಸರಿಯಾದ ದೇಶದಲ್ಲೇ ಬಿದ್ದರೂ ಅದರ ಪಕ್ಕದ ಕವಲುಗಳು ಯಾರ ಅಂಗಳಕ್ಕೆ ಬೀಳುತ್ತವೆ ಎಂದು ನೋಡಬೇಕು. ಕೆಳಗಿನ ದೇಶದ ಅನುಮತಿಯೂ ಬೇಕು. ನಿಮಿಷಗಳಲ್ಲಿ ತಿರುಗಬಲ್ಲ ಬೀಮ್ ಒಂದು ಸಹಿಗೆ ತಿಂಗಳುಗಟ್ಟಲೆ ಕಾಯುವುದುಂಟು.

ಇಷ್ಟಾದ ಮೇಲೆ ಅಂಕಿಪಟ್ಟಿ ಮೇಲೇರುತ್ತದೆ. ಅದು ಆಶ್ಚರ್ಯವಾಗುವಷ್ಟು ಸಣ್ಣದು. 310 ಆಂಟೆನಾ, 8 ಬೀಮ್, ಒಂದೊಂದಕ್ಕೆ ಫೇಸ್ 6 ಬಿಟ್, ಬಲ 6 ಬಿಟ್: ಒಟ್ಟು 30 ಸಾವಿರ ಬಿಟ್‌ಗಿಂತ ತುಸು ಕಡಿಮೆ. ಸೆಕೆಂಡಿಗೆ 2,000 ಬಿಟ್ ಸಾಗಿಸುವ ನಿಧಾನದ ಕಮಾಂಡ್ ಲಿಂಕಿನಲ್ಲೂ 15 ಸೆಕೆಂಡಿನ ಕೆಲಸ. ಪಟ್ಟಿ ಮೊದಲು ಬಳಕೆಯಲ್ಲಿಲ್ಲದ ಮೆಮೊರಿಗೆ ಹೋಗುತ್ತದೆ. ಅಲ್ಲಿ ತಾಳೆ ನೋಡಿದ ಮೇಲೆ, ಗೊತ್ತುಮಾಡಿದ ಕ್ಷಣಕ್ಕೆ ಹಳೆಯದರ ಜಾಗಕ್ಕೆ ಹೊಸದು ಬರುತ್ತದೆ. ಕೆಳಗಿನ ಗೇಟ್‌ವೇ, ಟರ್ಮಿನಲ್‌ಗಳಿಗೆ ಹೊಸ ಫ್ರೀಕ್ವೆನ್ಸಿ ಯೋಜನೆ ಮೊದಲೇ ಮುಟ್ಟಿರಬೇಕು. ಮುಟ್ಟದಿದ್ದ ಟರ್ಮಿನಲ್ ಸಿಗ್ನಲ್ ಕಳೆದುಕೊಂಡು ಹುಡುಕಾಟಕ್ಕೆ ಬೀಳುತ್ತದೆ. ಸೇವೆ ನಿಂತಿತೆಂಬ ದೂರುಗಳ ಬೇರು ಎಷ್ಟೋ ಸಲ ಮೇಲಿರುವುದಿಲ್ಲ, ಇಲ್ಲಿ ಇರುತ್ತದೆ. ಕೊನೆಗೆ ನೆಲದ ಮಾಪನ ಕೇಂದ್ರಗಳು ಸ್ಪೆಕ್ಟ್ರಮ್ ನೋಡಿ ಸರಿಯೆನ್ನಬೇಕು. ನಿಗದಿತ ಹೊತ್ತಿನೊಳಗೆ ಒಪ್ಪಿಗೆ ಬಾರದಿದ್ದರೆ ಉಪಗ್ರಹ ತಾನಾಗಿ ಹಳೆಯ ಪಟ್ಟಿಗೆ ಮರಳುವಂತೆ ಇಡುವುದು ಬುದ್ಧಿವಂತಿಕೆ.

ಉಪಗ್ರಹದ ಸ್ವಂತ ಕಮಾಂಡ್ ಲಿಂಕನ್ನು ಈ ಬದಲಾಗುವ ಪೇಲೋಡಿನ ಮೂಲಕ ಹಾಯಿಸುವಂತಿಲ್ಲ. ಅದಕ್ಕೆ ಬೇರೆ ಆಂಟೆನಾ, ಬೇರೆ ರಿಸೀವರ್ ಇರುತ್ತದೆ. ಇಲ್ಲದಿದ್ದರೆ ಕೂತ ಕೊಂಬೆಯನ್ನೇ ಕಡಿದುಕೊಂಡಂತೆ. ಆ ಲಿಂಕಿಗೆ ಗೂಢಲಿಪಿಯ ಬೀಗವೂ ಬೇಕು, ಮೊದಲಿಗಿಂತ ಬಿಗಿಯಾಗಿ. ಲೋಹದ ಫಿಲ್ಟರನ್ನು ಯಾರೂ ಹ್ಯಾಕ್ ಮಾಡಲಾರರು, ಅಂಕಿಪಟ್ಟಿಯನ್ನು ಮಾಡಬಹುದು.

ಏನು ಕೆಡುತ್ತದೆ

ಅರೇಯ ಒಂದು ಗುಣ ಮೆಚ್ಚಬೇಕಾದ್ದು, ಅದು ಒಮ್ಮೆಲೇ ಸಾಯುವುದಿಲ್ಲ. ನೂರಕ್ಕೆ 5 ಆಂಪ್ಲಿಫೈಯರ್ ಕೆಟ್ಟರೆ ಬೀಮಿನ ಬಲ ಸುಮಾರು 0.45 ಡೆಸಿಬೆಲ್ ಇಳಿಯುತ್ತದೆ, ಪಕ್ಕದ ಕವಲುಗಳು ಸ್ವಲ್ಪ ಏಳುತ್ತವೆ. ಉಳಿದ ಆಂಟೆನಾಗಳಿಗೆ ಹೊಸ ಪಟ್ಟಿ ಕೊಟ್ಟು ಅದನ್ನೂ ಬಹುಮಟ್ಟಿಗೆ ಸರಿದೂಗಿಸಬಹುದು. ಪ್ರೊಸೆಸರ್ ಹಾಗಲ್ಲ. ಎಲ್ಲ ಸಿಗ್ನಲ್ಲೂ ಅದೊಂದರ ಮೂಲಕವೇ ಹೋಗುವುದರಿಂದ ಅದು ನಿಂತರೆ ಎಲ್ಲವೂ ನಿಂತಂತೆ, ಹಾಗಾಗಿ ಒಳಗೆ ಬದಲಿ ಭಾಗಗಳನ್ನು ಇಟ್ಟೇ ಕಟ್ಟುತ್ತಾರೆ. ಅಂತರಿಕ್ಷದ ಕಣವೊಂದು ಮೆಮೊರಿಗೆ ಬಡಿದರೆ ಸೊನ್ನೆ ಒಂದಾಗುತ್ತದೆ. ಫೇಸ್ ಪಟ್ಟಿಯ ಒಂದು ಬಿಟ್ ಮಗುಚಿದರೆ ಅಪಾಯವಿಲ್ಲ, ರೂಟಿಂಗ್ ಪಟ್ಟಿಯಲ್ಲಿ ಮಗುಚಿದರೆ ಒಬ್ಬನ ಸಿಗ್ನಲ್ ಇನ್ನೊಬ್ಬನ ಬೀಮಿನಲ್ಲಿ ಇಳಿಯುತ್ತದೆ. ಮುಖ್ಯ ಸರ್ಕ್ಯೂಟ್‌ಗಳನ್ನು ಮೂರು ಪ್ರತಿ ಇಟ್ಟು ಬಹುಮತ ಕೇಳುವುದು, ಮೆಮೊರಿಯನ್ನು ಆಗಾಗ ಓದಿ ತಿದ್ದುವುದು ಇದಕ್ಕೆ ರೂಢಿಯ ಮದ್ದು.

ಸದ್ದಿಲ್ಲದೆ ಕೆಡುವುದು ಆಂಟೆನಾಗಳ ಫೇಸ್ ಹೊಂದಾಣಿಕೆ. 1.3 ಮಿ.ಮೀ. ಎಂದೆವಲ್ಲ, ಬಿಸಿಲು ಬಿದ್ದ ಅಂಚು ನೆರಳಿನ ಅಂಚಿಗಿಂತ ಬೇರೆ ಉಷ್ಣತೆಯಲ್ಲಿದ್ದರೆ ಕೇಬಲ್‌ಗಳ ಉದ್ದ, ಆಂಪ್ಲಿಫೈಯರ್‌ಗಳ ಫೇಸ್ ಎಲ್ಲ ಕೂದಲೆಳೆಯಷ್ಟು ಬದಲಾಗಿ ಬೀಮ್ ನಿಧಾನ ಸರಿಯುತ್ತದೆ. ಮಾರ್ಚ್ ಮತ್ತು ಸೆಪ್ಟೆಂಬರಿನ ವಿಷುವದ ಆಸುಪಾಸು, ತಲಾ 45 ದಿನದಷ್ಟು ಕಾಲ, ಉಪಗ್ರಹ ದಿನಾ ಭೂಮಿಯ ನೆರಳಿಗೆ ಹೋಗುತ್ತದೆ, ಹೆಚ್ಚೆಂದರೆ 72 ನಿಮಿಷ. ಏರುಪೇರು ಹೆಚ್ಚು ಕಾಣುವುದು ಆಗ. ಪ್ರತಿ ಆಂಟೆನಾಗೂ ಗುರುತಿನ ಸಿಗ್ನಲ್ ಹಾಯಿಸಿ ತಪ್ಪನ್ನು ಅಳೆದು ಪಟ್ಟಿಯಲ್ಲೇ ಕಳೆಯುತ್ತಿರಬೇಕು. ಬೀಮಿನ ನಡುವಿಗಿಂತ ಇದು ಮೊದಲು ಕಾಡುವುದು ಬೇಕೆಂದೇ ಮಾಡಿದ ಕುರುಡು ಜಾಗಗಳನ್ನು. ನೆಲದಿಂದ ಯಾರಾದರೂ ಬೇಕೆಂದು ಅಡ್ಡಿಪಡಿಸುವ ಸಿಗ್ನಲ್ ಕಳಿಸಿದರೆ ಆ ದಿಕ್ಕಿಗೆ ಆಂಟೆನಾವನ್ನು ಕುರುಡು ಮಾಡಬಹುದು, ಇದು ಅರೇಯ ದೊಡ್ಡ ಶಕ್ತಿ. ಆದರೆ ಕುರುಡು ಎಂದರೆ ನೂರಾರು ಅಲೆಗಳು ಕರಾರುವಾಕ್ಕಾಗಿ ಒಂದನ್ನೊಂದು ಹೊಡೆದುಹಾಕುವುದು. ಫೇಸ್ ಅಲ್ಪ ತಪ್ಪಿದರೂ ಅದು ತುಂಬಿಕೊಳ್ಳುತ್ತದೆ.

ಫ್ರೀಕ್ವೆನ್ಸಿಯೂ ಕಾಡುತ್ತದೆ. ನಡುಬಿಂದು 12 ಗಿಗಾಹರ್ಟ್ಸ್‌ಗೆ ಹೊಂದಿಸಿದ ಫೇಸ್ ಆಚೀಚೆ 250 ಮೆಗಾಹರ್ಟ್ಸ್‌ನಲ್ಲಿ ಪೂರ್ತಿ ಸರಿಯಿರುವುದಿಲ್ಲ. ಭೂಮಿಯ ಅಂಚಿನತ್ತ ತಿರುಗಿಸಿದಾಗ ಬ್ಯಾಂಡಿನ ತುದಿಗಳಲ್ಲಿ ಬೀಮ್ ಸುಮಾರು 0.18 ಡಿಗ್ರಿ ಜಾರುತ್ತದೆ, ಅಂದರೆ ಬೀಮಿನ ಅಗಲದ ಆರನೇ ಒಂದು ಪಾಲು. ಸೇವೆಗೆ ಇದು ಸಹ್ಯ, ಕುರುಡು ಜಾಗಕ್ಕೆ ಅಲ್ಲ.

ಯಾಂತ್ರಿಕ ಭಾಗ ಕೆಟ್ಟರೆ ಸಾಫ್ಟ್‌ವೇರ್ ಕೈಚೆಲ್ಲುತ್ತದೆ. 2023ರ ಏಪ್ರಿಲ್ ಕೊನೆಯಲ್ಲಿ ಹಾರಿದ ವಯಾಸ್ಯಾಟ್-3 ಸರಣಿಯ ಮೊದಲ ಉಪಗ್ರಹ ಸೆಕೆಂಡಿಗೆ 1 ಟೆರಾಬಿಟ್ ಸಾಗಿಸಬೇಕಿತ್ತು. ಮಡಚಿಟ್ಟ ದೊಡ್ಡ ರಿಫ್ಲೆಕ್ಟರ್ ಸರಿಯಾಗಿ ಬಿಚ್ಚಿಕೊಳ್ಳಲಿಲ್ಲ, ಸಿಕ್ಕಿದ್ದು ಅಂದುಕೊಂಡದ್ದರ ಹತ್ತನೇ ಒಂದು ಪಾಲಿಗಿಂತ ಕಡಿಮೆ.

ಯಾರು ಎಲ್ಲಿಗೆ ಬಂದಿದ್ದಾರೆ

ಈ ದಾರಿಯಲ್ಲಿ ಮೊದಲು ನಡೆದು ತೋರಿಸಿದ್ದು ಯೂಟೆಲ್‌ಸ್ಯಾಟ್ ಕ್ವಾಂಟಮ್. ಯುರೋಪಿಯನ್ ಸ್ಪೇಸ್ ಏಜೆನ್ಸಿಯ ಪಾಲುದಾರಿಕೆಯಲ್ಲಿ ಏರ್‌ಬಸ್ ಕಟ್ಟಿದ ಸುಮಾರು ಮೂರೂವರೆ ಟನ್ನಿನ ಈ ಉಪಗ್ರಹ 2021ರ ಜುಲೈ 30ರಂದು ಏರಿಯಾನ್-5 ರಾಕೆಟ್‌ನಲ್ಲಿ ಹೋಯಿತು. 48 ಡಿಗ್ರಿ ಪೂರ್ವದಲ್ಲಿ ಕೂತು ಕೂ ಬ್ಯಾಂಡಿನ 8 ಬೀಮ್‌ಗಳನ್ನು ಬೇಕಾದ ಹಾಗೆ ತಿರುಗಿಸುತ್ತದೆ. ಅದೇ ವರ್ಷದ ಅಕ್ಟೋಬರಿನಲ್ಲಿ ಹಾರಿದ ಎಸ್‌ಇಎಸ್-17ರದ್ದು ಇನ್ನೊಂದು ಬಗೆ. ಸುಮಾರು 200 ಕಾ ಬ್ಯಾಂಡ್ (ಕೂ ಬ್ಯಾಂಡಿಗಿಂತ ಮೇಲಿನ ಫ್ರೀಕ್ವೆನ್ಸಿಯ) ಬೀಮ್‌ಗಳು, ಅವುಗಳ ನಡುವೆ ಹೋಳುಗಳನ್ನು ಹಂಚುವ ದೊಡ್ಡ ಡಿಜಿಟಲ್ ಪ್ರೊಸೆಸರ್.

ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿ ತರುವುದು ಮುಂದಿನವರ ಯೋಜನೆ. ಏರ್‌ಬಸ್‌ನ ವನ್‌ಸ್ಯಾಟ್, ಥಾಲೆಸ್ ಅಲೇನಿಯಾ ಸ್ಪೇಸ್‌ನ ಸ್ಪೇಸ್ ಇನ್‌ಸ್ಪೈರ್ ಎರಡೂ ಒಂದೇ ಅಚ್ಚಿನ ಉಪಗ್ರಹಗಳನ್ನು ಸಾಲಾಗಿ ಕಟ್ಟಿ, ಯಾವುದು ಎಲ್ಲಿ ಏನು ಮಾಡಬೇಕೆಂದು ಆಮೇಲೆ ಹೇಳುವ ಲೆಕ್ಕಾಚಾರದವು. ಜಪಾನಿನ ಸ್ಕೈ ಪರ್ಫೆಕ್ಟ್ ಜೆಸ್ಯಾಟ್ 2022ರಲ್ಲಿ ಸೂಪರ್‌ಬರ್ಡ್-9ಕ್ಕೆ ವನ್‌ಸ್ಯಾಟನ್ನು ಆರಿಸಿತು. ಇಂಥ ಒಂದೇ ಅಚ್ಚಿಗೆ ಇನ್ನೊಂದು ಅನುಕೂಲವಿದೆ. ಒಂದು ಕಡೆಯ ಉಪಗ್ರಹ ಕೆಟ್ಟರೆ ಇನ್ನೊಂದನ್ನು ಅಲ್ಲಿಗೆ ಸರಿಸಿ ಅದೇ ಕೆಲಸ ಕೊಡಬಹುದು. ಜಜ್ಜಿದ ಬಟ್ಟಲನ್ನು 20 ಡಿಗ್ರಿ ಆಚೆ ಒಯ್ದರೆ ಅಲ್ಲಿಂದ ಅದೇ ದೇಶ ಬೇರೆ ಕೋನದಲ್ಲಿ ಕಾಣುತ್ತದೆ, ಅಚ್ಚು ಹೊಂದುವುದಿಲ್ಲ.

ಕೇಳಿದಷ್ಟು ಸಲೀಸಾಗಿ ಇದು ನಡೆಯಲಿಲ್ಲ. 2019ರಲ್ಲಿ ಇನ್‌ಮಾರ್‌ಸ್ಯಾಟ್ ಮೂರು ವನ್‌ಸ್ಯಾಟ್‌ಗಳಿಗೆ ಆರ್ಡರ್ ಕೊಟ್ಟಾಗ ಮೊದಲನೆಯದು 2023ರಲ್ಲಿ ಹಾರಬೇಕೆಂದಿತ್ತು. ಆ ಗಡುವು ಜಾರಿತು. ಪ್ರತಿ ಆರ್ಡರಿಗೂ ಹೊಸದಾಗಿ ವಿನ್ಯಾಸ ಮಾಡುವ ಖರ್ಚು ಉಳಿಸಬೇಕಾದರೆ ಮೊದಲ ವಿನ್ಯಾಸ ಎಲ್ಲ ಆರ್ಡರ್‌ಗಳಿಗೂ ಹೊಂದುವಂತಿರಬೇಕು, ಮತ್ತೆ ಆ ಮೊದಲನೆಯದೇ ಎಲ್ಲಕ್ಕಿಂತ ಕಷ್ಟದ್ದು.

ಇಂಥ ಉಪಗ್ರಹದ ವಿವರಪಟ್ಟಿ ಕೈಗೆ ಬಂದರೆ ಬೀಮ್‌ಗಳ ಸಂಖ್ಯೆಯನ್ನು, ಒಟ್ಟು ಗಿಗಾಬಿಟ್ಟನ್ನು ಕೊನೆಗೆ ಓದಿ. ಮೊದಲು ನೋಡಬೇಕಾದ್ದು ಎಲ್ಲ ಬೀಮ್‌ಗಳೂ ಒಟ್ಟಿಗೆ ಉರಿಯುವಾಗ ಒಂದೊಂದಕ್ಕೆ ಸಿಗುವ ಬಲ, ಪ್ರೊಸೆಸರ್ ಒಟ್ಟು ಎಷ್ಟು ಗಿಗಾಹರ್ಟ್ಸ್ ನುಂಗಬಲ್ಲದು ಎಂಬುದು, ಅತಿ ಕಿರಿದಾದ ಬೀಮಿನ ಅಗಲ, ಮತ್ತೆ ಬಾಳಿಕೆಯ ಕೊನೆಯ ವರ್ಷ ಸೌರಫಲಕದಲ್ಲಿ ಉಳಿಯುವ ಕಿಲೋವಾಟ್. ‘ವರೆಗೆ’ ಎಂಬ ಪದ ಪಕ್ಕದಲ್ಲಿದ್ದ ಅಂಕಿಗಳೆರಡು ಒಂದೇ ಹೊತ್ತಿಗೆ ಸಿಗುತ್ತವೆಯೇ ಎಂದು ಮಾರುವವರನ್ನು ಬಾಯಿಬಿಟ್ಟು ಕೇಳಿ.